ಹುಟ್ಟುಹಬ್ಬದ ಮರುದಿನದಿಂದ

ಸಂಶೋಧನೆ ಮಾಡುವ ಮಕ್ಕಳಿಗೆ ಬೇಸಿಗೆ ರಜೆಯೆಂಬುದಿಲ್ಲ ಎಂಬ ಸಂಗತಿ ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದಿರಲಾರದು. ಬಿ.ಎ. ಓದುವ ಹುಡುಗನಿಗೆ ರಜೆಯುಂಟು. ಅವನಿಗೆ ಪಾಠ ಹೇಳುವ ಅಧ್ಯಾಪಕರಿಗೂ ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗದ ವಿದ್ಯಾರ್ಥಿವೇತನ ಪಡೆದು ಡಾಕ್ಟರೇಟಿಗಾಗಿ ದುಡಿಯುವವರಿಗೆ ಮಾತ್ರ, ಸಾರ್ವಜನಿಕ ರಜೆಗಳನ್ನು ಬಿಟ್ಟರೆ, ವರ್ಷಕ್ಕೆ 30 ದಿನ. ಆ ಮೂವತ್ತರಲ್ಲಿ ಏಳನ್ನು ನಮ್ಮ ಮಗಳು ಕಳೆದ ಆಷಾಢದಲ್ಲಿ ಹೈದರಾಬಾದಿನಿಂದ ಪುಣೆಗೆ ಬಂದು ನಮಗಾಗಿ ಖರ್ಚು ಮಾಡಿದಳು. ನಮಗಾಗಿ ಎಂದು ನಾವು ಹೇಳುತ್ತೇವೆ. ಅವಳ ಅಜ್ಜಿಯನ್ನು ಕೇಳಿದರೆ ತಮಗಾಗಿ ಎನ್ನುತ್ತಾರೆ.

ಬಂದದ್ದು ಹುಟ್ಟುಹಬ್ಬಕ್ಕೆ. ಇಪ್ಪತ್ತೇಳು ತುಂಬಿತು. ನಮ್ಮಲ್ಲಿ ಹುಟ್ಟುಹಬ್ಬ ಎರಡು ಸಲ ಆಗುತ್ತದೆ. ಅಜ್ಜಿಯ ಪಂಚಾಂಗದ ಪ್ರಕಾರ ನಕ್ಷತ್ರ ಬಂದ ದಿನ ಎಣ್ಣೆಸ್ನಾನ, ಆರತಿ, ಶಾವಿಗೆ ಪಾಯಸ. ಕ್ಯಾಲೆಂಡರಿನ ತಾರೀಖು ಬಂದ ದಿನ ಸಂಜೆ ಕೇಕು. ಈ ಸಲ ಎರಡಕ್ಕೂ ನಡುವೆ ಒಂದೇ ದಿನದ ಅಂತರವಿದ್ದುದರಿಂದ ಅಡಿಗೆಮನೆಗೆ ಬಿಡುವೇ ಇರಲಿಲ್ಲ. ನೆರೆಹೊರೆಯವರು ಬಂದರು, ಸಂಘದ ಗೆಳೆಯರು ಬಂದರು, ಉಂಡರು, ಹರಸಿದರು. ಬಂದವರೆಲ್ಲ ಹೊರಡುವ ಮುನ್ನ ಮರಾಠಿಯಲ್ಲೋ ಕನ್ನಡದಲ್ಲೋ ಒಂದೇ ಪ್ರಶ್ನೆ ಕೇಳಿದರು: ಓದು ಇನ್ನೂ ಎಷ್ಟು ವರ್ಷ? ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಒಬ್ಬರೂ ಇಲ್ಲ. ಆದರೂ ಹತ್ತನೆಯ ಸಲ ಉತ್ತರಿಸುವಾಗ ಮಗುವಿನ ಮುಖದ ನಗೆ ಹೇಗೆ ಗಟ್ಟಿಯಾಗಿ ನಿಂತುಬಿಟ್ಟಿತ್ತೆಂಬುದನ್ನು ನಾವಿಬ್ಬರೂ ನೋಡಿದೆವು.

ಮರುದಿನ ಅವಳು ಎದ್ದದ್ದು ಒಂಬತ್ತೂವರೆಗೆ. ಅದರ ಮರುದಿನ ಹತ್ತಕ್ಕೆ. ಪುಸ್ತಕ, ಗಣಕಯಂತ್ರ, ಧ್ವನಿಮುದ್ರಣದ ಸಣ್ಣ ಯಂತ್ರ ಎಲ್ಲವನ್ನೂ ಹೊತ್ತು ತಂದಿದ್ದ ಚೀಲ ಬಾಗಿಲ ಮೂಲೆಯಲ್ಲಿ ಹಾಗೆಯೇ ಇತ್ತು. ಹೊರಗೆ ಪುಣೆಯ ಜಿಟಿಜಿಟಿ ಮಳೆ. ಎದ್ದ ಮೇಲೆ ಚಹಾ, ಚಹಾದ ಮೇಲೆ ಗ್ಯಾಲರಿಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತು ಕುದಿಸಿದ ಶೇಂಗಾ ಸುಲಿಯುವುದು, ಮಧ್ಯಾಹ್ನ ಮತ್ತೆ ನಿದ್ದೆ. ತಂದೆಯಾದವರಿಗೆ ಇದು ಕಷ್ಟದ ನೋಟ. ಮೂವತ್ತೈದು ವರ್ಷ ಬ್ಯಾಂಕಿನ ಗಡಿಯಾರಕ್ಕೆ ಸರಿಯಾಗಿ ಎದ್ದವರು ನಮ್ಮಲ್ಲಿ ಒಬ್ಬರು. ಅವರು ಎರಡು ಸಲ ಆ ಚೀಲದ ಬಳಿಗೆ ಹೋಗಿ, ಅದನ್ನು ಸ್ವಲ್ಪ ಬೆಳಕಿಗೆ ಬರುವಂತೆ ಸರಿಸಿಟ್ಟು ಬಂದರು. “ಮಲಗಲಿ ಬಿಡ್ರಿ, ಮಳಿಗಾಲದಾಗ ಹೊಲಾನೂ ಮಲಗ್ತದ,” ಎಂದು ಅಜ್ಜಿ ಧಾರವಾಡದ ಧಾಟಿಯಲ್ಲಿ ಗದರಿದರು. ಮಳೆಗಾಲದಲ್ಲಿ ಹೊಲ ಮಲಗುವುದಿಲ್ಲವೆಂಬುದು ಅವರಿಗೂ ಗೊತ್ತು. ಯಾರೂ ಎದುರಾಡಲಿಲ್ಲ.

ವಿಷಯವಿಷ್ಟು. ಹುಡುಗಿಗೆ ಇದು ನಾಲ್ಕನೆಯ ವರ್ಷ. ವಿದ್ಯಾರ್ಥಿವೇತನ ಐದು ವರ್ಷಕ್ಕೆ ಮುಗಿಯುತ್ತದೆ. 2022ರ ನಿಯಮದಂತೆ ಪ್ರಬಂಧಕ್ಕೆ ಆರು ವರ್ಷ ಅವಕಾಶವಿದ್ದು, ಮತ್ತೆ ನೋಂದಾಯಿಸಿದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಅದಕ್ಕೂ ಮೇಲೆ ಎರಡು ವರ್ಷ ಸಿಗುತ್ತದೆ. ಸಮಯ ಸಿಗುತ್ತದೆ, ಹಣ ಸಿಗುವುದಿಲ್ಲ. 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ಕಡಿಮೆಯೇನಲ್ಲ, ಆದರೆ ಹೋದ ವರ್ಷ ನಾಲ್ಕು ತಿಂಗಳ ಹಣ ಒಟ್ಟಿಗೆ, ತಡವಾಗಿ ಬಂತು. ಹೀಗಿರಲಾಗಿ ಹೈದರಾಬಾದಿನ ಒಂದು ಕಂಪನಿಯವರು, ಯಂತ್ರಗಳಿಗೆ ನಮ್ಮ ಭಾಷೆಗಳನ್ನು ಕಲಿಸುವವರಂತೆ, ಈ ವೇತನದ ಎರಡರಷ್ಟು ಸಂಬಳಕ್ಕೆ ಅವಳನ್ನು ಕರೆದಿದ್ದರು. ಕಾಗದಕ್ಕೆ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಬಂದ ರಾತ್ರಿಯೇ ಇದನ್ನು ಹೇಳಿ, “ನೀವೇನೂ ಹೇಳಬೇಡಿ, ನಾನೇ ಯೋಚಿಸುತ್ತೇನೆ,” ಎಂದಳು. ಏನೂ ಹೇಳದಿರುವುದು ನಮ್ಮಂಥವರಿಗೆ ಎಷ್ಟು ಶ್ರಮದ ಕೆಲಸವೆಂದು ಮಕ್ಕಳಿಗೆ ತಿಳಿಯುವುದಿಲ್ಲ.

ಅವಳ ಅಭ್ಯಾಸದ ವಸ್ತು ನಮ್ಮನಿಮ್ಮೆಲ್ಲರದೂ ಹೌದು: ಪುಣೆಯ ಕನ್ನಡ ಮನೆಗಳಲ್ಲಿ ಬಂಧುಬಳಗವನ್ನು ಕರೆಯುವ ಮಾತುಗಳು. ನಲವತ್ತು ಮನೆಗಳ ಮಾತನ್ನು ಮುದ್ರಿಸಿಕೊಂಡಿದ್ದಾಳೆ. ನಾಲ್ಕನೆಯ ದಿನ ಮಧ್ಯಾಹ್ನ, ಮೇಲಿನ ಮಹಡಿಯ ಹುಡುಗನೊಬ್ಬ “ಕಾಕಾ” ಎಂದು ನಮ್ಮನ್ನು ಕೂಗಿದ್ದೇ ನೆಪವಾಗಿ, ಅವಳೇ ಮಾತು ತೆಗೆದಳು.

ಮೈಸೂರಿನ ಕಡೆ ತಂದೆಯ ತಮ್ಮ ಚಿಕ್ಕಪ್ಪ. ಎಂದರೆ ಅವನೂ ಒಬ್ಬ ಅಪ್ಪ. ತಾಯಿಯ ಅಣ್ಣತಮ್ಮಂದಿರು ಮಾವ. ಹೆಂಡತಿಯ ತಂದೆಯೂ ಮಾವ. ಸೋದರಮಾವನ ಮಗಳನ್ನು ತರುವ ರೂಢಿಯಿದ್ದ ನಾಡಿನಲ್ಲಿ ಇಬ್ಬರಿಗೂ ಒಂದೇ ಹೆಸರು ಸಾಕಾಗಿತ್ತು. ಮರಾಠಿಯಲ್ಲಿಯೂ ಸೋದರಮಾವನ ಮಗಳನ್ನು ತರುವುದುಂಟು, ಆದರೆ ಅಲ್ಲಿ ಮಾಮಾ ಬೇರೆ, ಸಾಸರಾ ಬೇರೆ. ಈ ಬಗೆಯ ಹೋಲಿಕೆಗಳನ್ನು ದೇಶದುದ್ದಕ್ಕೂ ಮಾಡಿದವರು ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಾಪಕಿಯಾಗಿದ್ದ ಇರಾವತಿ ಕರ್ವೆ. ಭಾರತದ ಬಂಧುತ್ವ ವ್ಯವಸ್ಥೆಯನ್ನು ಕುರಿತ ಅವರ ದೊಡ್ಡ ಗ್ರಂಥ 1953ರಲ್ಲಿ ಹೊರಬಂತು. ಅದರಲ್ಲಿ ಅವರು ದೇಶವನ್ನು ನಾಲ್ಕು ವಲಯಗಳಾಗಿ ಮಾಡಿದರು. ಮಹಾರಾಷ್ಟ್ರ ಮಧ್ಯ ವಲಯಕ್ಕೂ ಕರ್ನಾಟಕ ದಕ್ಷಿಣ ವಲಯಕ್ಕೂ ಸೇರಿದವು. “ಗಡಿ ದಾಟಿ ಬಂದು ನಿಂತ ನಮ್ಮಂಥ ಮನೆಗಳನ್ನು ಯಾವುದರಲ್ಲಿ ಸೇರಿಸುವುದು? ನನ್ನ ಪ್ರಬಂಧ ಇಷ್ಟೇ,” ಎಂದಳು ಮಗಳು.

ಅಜ್ಜಿ ಶೇಂಗಾ ಸುಲಿಯುತ್ತಲೇ, ಕಾಕಾ ಎನ್ನುವುದನ್ನು ತಾವು ಪುಣೆಗೆ ಬಂದು ಕಲಿತದ್ದಲ್ಲ, ಧಾರವಾಡದಲ್ಲಿ ಹಿಂದಿನಿಂದಲೂ ಇದೆ ಎಂದರು. ಅದು ಮಗಳಿಗೆ ತಿಳಿದದ್ದೇ. ಆಕೆ ಸುಮ್ಮನೆ ತಲೆಯಾಡಿಸಿದಳು. ಅಜ್ಜಿ ಮುಂದುವರಿಸಿದರು: “ಕಾಕಾನ ಹೆಂಡ್ತಿ ಮಾತ್ರ ನಮಗ ಚಿಗವ್ವನs. ಗಂಡ ಮರಾಠಿ ಮಾತಾಡಿದ್ರ ಹೆಂಡ್ತಿ ಯಾಕ ಕನ್ನಡ ಬಿಡಬೇಕು?”

ಹುಟ್ಟುಹಬ್ಬದ ಸಂಜೆಯ ನಂತರ ಆ ಹುಡುಗಿ ಬಾಯಿ ತುಂಬ ನಕ್ಕದ್ದು ಆಗಲೇ. ಚೀಲದಿಂದ ಯಂತ್ರ ತೆಗೆಯುತ್ತಾಳೆಂದು ನಾವು ನೋಡಿದೆವು. ತೆಗೆಯಲಿಲ್ಲ. ಇನ್ನೊಂದು ಹಿಡಿ ಶೇಂಗಾ ತೆಗೆದುಕೊಂಡಳು. ಆಮೇಲೆ ಸಂಜೆ ದೀಪ ಹಚ್ಚುವವರೆಗೂ ಅಜ್ಜಿಮೊಮ್ಮಗಳ ಮಾತು ನಡೆಯಿತು: ಅತ್ತಿಗೆ, ನಾದಿನಿ, ನೆಗೆಣ್ಣಿ, ಷಡ್ಡಕ, ಮುಂಬಯಿಯ ಮೊಮ್ಮಕ್ಕಳು ಇವುಗಳಲ್ಲಿ ಎಷ್ಟನ್ನು ಬಲ್ಲರು, ಇವೆಲ್ಲಕ್ಕೂ ‘ಆಂಟಿ’ ‘ಅಂಕಲ್’ ಎಂಬ ಎರಡೇ ಮಾತು ಸಾಕಾದದ್ದು ಯಾವಾಗಿನಿಂದ. ಷಡ್ಡಕ ಎಂಬ ಪದ ನಿಮ್ಮ ಮನೆಯ ಮಕ್ಕಳಿಗೆ ಬರುತ್ತದೆಯೇ ಎಂದು ಇಂದು ರಾತ್ರಿಯ ಊಟದ ಹೊತ್ತಿಗೆ ಕೇಳಿ ನೋಡಿ. ನಮ್ಮ ಮಗನಿಗೆ, ತಾನೇ ಒಬ್ಬರಿಗೆ ಷಡ್ಡಕನಾಗಿದ್ದೂ, ಬರಲಿಲ್ಲ.

ಐದನೆಯ ದಿನ ಮಳೆ ಬಿಟ್ಟಿತು. ಪರ್ವತಿ ಬೆಟ್ಟಕ್ಕೆ ಹೋದೆವು. 103 ಮೆಟ್ಟಿಲನ್ನು ನಾವು ಮೂರು ಕಡೆ ಕುಳಿತು ಹತ್ತಿದೆವು. ಮೇಲಿನಿಂದ ತೊಯ್ದ ಊರನ್ನು ನೋಡುತ್ತ ನಿಂತಾಗ ನಮ್ಮಲ್ಲಿ ಬ್ಯಾಂಕಿನವರು ತಡೆಯಲಾರದೆ, “ಒಟ್ಟಿನಲ್ಲಿ ಇಂಥ ಕೆಲಸಕ್ಕೆ ಎಷ್ಟು ಕಾಲ ಬೇಕಮ್ಮ?” ಎಂದು ಕೇಳಿಬಿಟ್ಟರು. ಅವಳಿಗೆ ಸಿಟ್ಟು ಬರಲಿಲ್ಲ. ಡೆಕ್ಕನ್ ಕಾಲೇಜಿನ ಸಂಸ್ಕೃತ ನಿಘಂಟಿನ ಕಥೆ ಹೇಳಿದಳು. ಹೊನ್ನಾವರದಲ್ಲಿ ಹುಟ್ಟಿದ ಸುಮಿತ್ರ ಮಂಗೇಶ ಕತ್ರೆಯವರ ಯೋಜನೆ ಅದು, 1948ರಲ್ಲಿ ಆರಂಭವಾಯಿತು. ಋಗ್ವೇದದಿಂದ ಹಿಡಿದು ಸುಮಾರು 1,500 ಗ್ರಂಥಗಳನ್ನು ಓದಿ, ಒಂದೊಂದು ಪದಕ್ಕೆ ಒಂದೊಂದರಂತೆ ಬರೆದಿಟ್ಟ ಚೀಟಿಗಳೇ ಸುಮಾರು ಒಂದು ಕೋಟಿ. ಮೊದಲ ಭಾಗ ಅಚ್ಚಾದದ್ದು 1976ರಲ್ಲಿ. ಇಲ್ಲಿಯವರೆಗೆ 30ಕ್ಕೂ ಹೆಚ್ಚು ಸಂಪುಟಗಳು ಬಂದಿವೆ. ಎಲ್ಲವೂ ‘ಅ’ಕಾರದಲ್ಲಿಯೇ ಇವೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಪಾಪ ಬೇಗ ಮುಗಿಯಿತು: 1970ರಲ್ಲಿ ಮೊದಲ ಸಂಪುಟ, 1995ರಲ್ಲಿ ಎಂಟನೆಯದು.

“ಹಾಗಾದರೆ ನಿನ್ನದು ಬೇಗನೆಯೇ ಆಯಿತು,” ಎಂದರು ಬ್ಯಾಂಕಿನವರು. ಇಳಿಯುವಾಗ ಅವಳು ಅವರ ಕೈ ಹಿಡಿದುಕೊಂಡಿದ್ದಳು; ಮೆಟ್ಟಿಲು ಪಾಚಿಗಟ್ಟಿತ್ತು.

ಆರನೆಯ ದಿನ ಮತ್ತೆ ಮಳೆ, ಮತ್ತೆ ನಿದ್ದೆ. ಹೆಚ್ಚು ಹೇಳುವುದಕ್ಕಿಲ್ಲ. ಸಂಜೆ ಹೊರಗಿನಿಂದ ಬಂದಾಗ ಚೀಲ ಮೂಲೆಯಲ್ಲಿರಲಿಲ್ಲ. ಒಳಕೋಣೆಯಲ್ಲಿ ಅಜ್ಜಿ ಮಂಚದ ಮೇಲೆ, ಅವಳು ನೆಲದ ಮೇಲೆ, ನಡುವೆ ಆ ಸಣ್ಣ ಯಂತ್ರ. ಅಜ್ಜಿ ಅದಕ್ಕೆ ಕಿವುಡು ಎಂದುಕೊಂಡಿದ್ದರೋ ಏನೋ, ಬಹಳ ಜೋರಾಗಿ ಮಾತನಾಡುತ್ತಿದ್ದರು. ನಾವು ಬಾಗಿಲನ್ನು ಅರ್ಧ ಮುಚ್ಚಿ ಅಡಿಗೆಗೆ ಹೋದೆವು.

ಹೊರಡುವ ದಿನ ಶೇಂಗಾ ಚಟ್ನಿಪುಡಿ ಒಂದು ಡಬ್ಬಿ, ಉಳಿದ ಹೋಳಿಗೆ ನಾಲ್ಕು ಕಟ್ಟಿಕೊಟ್ಟೆವು. ನಿಲ್ದಾಣದಲ್ಲಿ ಗಾಡಿ ಬರುವ ಹೊತ್ತಿಗೆ ಅವಳಾಗಿಯೇ ಹೇಳಿದಳು: ಕಂಪನಿಯವರಿಗೆ ಬರೆದಿದ್ದಾಳಂತೆ, ಜನವರಿಯವರೆಗೆ ತಡೆಯಬಲ್ಲರೇ ಎಂದು. ಡಿಸೆಂಬರಿಗೆ ಪ್ರಬಂಧದ ಕರಡು ಮುಗಿಸಬೇಕು. ಅವರು ಕಾಯದಿದ್ದರೆ ಆ ಕೆಲಸ ಹೋಯಿತು. ಹತ್ತು ದಿನದ ಮೇಲೆ ಉತ್ತರ ಬಂತು. ನವೆಂಬರಿನವರೆಗೆ ಕಾಯುತ್ತಾರೆ, ಅದರಾಚೆಗಿಲ್ಲ. ಈಗ ಅವಳು ಬೆಳಿಗ್ಗೆ ಐದಕ್ಕೆ ಏಳುತ್ತಾಳಂತೆ. ವಾರಕ್ಕೊಮ್ಮೆ ಅಜ್ಜಿಗೆ ಫೋನು ಬರುತ್ತದೆ. ನಮ್ಮೊಂದಿಗೆ ಎರಡು ಮಾತು, ಉಳಿದದ್ದೆಲ್ಲ ಅವರೊಂದಿಗೆ. ಹೋದ ಭಾನುವಾರ ಮುಕ್ಕಾಲು ಗಂಟೆ ನೆಗೆಣ್ಣಿಯ ವಿಚಾರ ನಡೆಯಿತು.