ಬೇಸಗೆಯ ವಿದ್ಯಾಶಿಬಿರಗಳು: ಚಿತ್ರದುರ್ಗ ಸೀಮೆಯ ದೃಷ್ಟಿಯಿಂದ ಒಂದು ವಿಚಾರ

೧

ಬೇಸಗೆಯ ರಜದಲ್ಲಿ ಬುದ್ಧಿಶಾಲಿಗಳಾದ ಹದಿಹರೆಯದ ಬಾಲಕ ಬಾಲಕಿಯರನ್ನು ಒಂದು ವಿಶ್ವವಿದ್ಯಾನಿಲಯದ ಆವರಣಕ್ಕೆ ಬರಮಾಡಿಕೊಂಡು, ಅಲ್ಲಿಯೇ ಊಟ ವಸತಿಗಳನ್ನು ಕಲ್ಪಿಸಿ, ಕೆಲವು ವಾರಗಳ ಕಾಲ ಒಂದೇ ಶಾಸ್ತ್ರವನ್ನು ಆಳವಾಗಿ ಅಭ್ಯಾಸಮಾಡಿಸುವ ಏರ್ಪಾಡು ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಇವುಗಳನ್ನು ಬೇಸಗೆಯ ವಿದ್ಯಾಶಿಬಿರಗಳೆಂದು ಕರೆಯಬಹುದು. ಇವು ಹುಟ್ಟಿದ ಬಗೆಯನ್ನೂ ನಮ್ಮ ದೇಶದಲ್ಲಿ ತಳೆದ ರೂಪವನ್ನೂ ಸಂಗ್ರಹವಾಗಿ ತಿಳಿಸಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತಹ ತಾಲ್ಲೂಕುಗಳ ಮಕ್ಕಳಿಗೆ ಇವು ಎಟುಕಬೇಕಾದರೆ ಏನು ಅವಶ್ಯಕವೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಇಂತಹ ಶಿಬಿರಗಳಲ್ಲಿ ಪ್ರಸಿದ್ಧವಾದ ಎರಡು ಮಾದರಿಗಳು ಅಮೆರಿಕದಲ್ಲಿ ಬೆಳೆದವು. ಆರ್ನಾಲ್ಡ್ ರಾಸ್ ಎಂಬ ಗಣಿತಜ್ಞನು ೧೯೫೭ರಲ್ಲಿ ನಾಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಒಂದು ಶಿಬಿರವನ್ನು ಆರಂಭಿಸಿ, ೧೯೬೪ರಲ್ಲಿ ಅದನ್ನು ಒಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಕೊಂಡೊಯ್ದನು. ಅಲ್ಲಿ ಕಲಿಸುವ ಮುಖ್ಯ ವಿಷಯವು ಸಂಖ್ಯಾಶಾಸ್ತ್ರ, ಎಂದರೆ ಪೂರ್ಣಾಂಕಗಳ ಗುಣಧರ್ಮಗಳ ವಿಚಾರ. ದಿನಕ್ಕೊಂದು ಉಪನ್ಯಾಸವಾದ ಮೇಲೆ ಲೆಕ್ಕಗಳ ಒಂದು ಪಟ್ಟಿಯನ್ನು ಕೊಡುವರು. ವಿದ್ಯಾರ್ಥಿಯು ಸಣ್ಣ ಉದಾಹರಣೆಗಳನ್ನು ತಾನೇ ಮಾಡಿನೋಡಿ, ಅವುಗಳಲ್ಲಿ ಅಡಗಿದ ನಿಯಮವನ್ನು ಊಹಿಸಿ, ಕೊನೆಗೆ ಅದನ್ನು ಸಾಧಿಸಬೇಕು. ಹಿಂದಿನ ವರ್ಷಗಳಲ್ಲಿ ಬಂದು ಕಲಿತು ಹೋದ ಹಿರಿಯ ವಿದ್ಯಾರ್ಥಿಗಳು ಕಿರಿಯರ ಜೊತೆಯಲ್ಲಿಯೇ ವಾಸಮಾಡಿ ಅವರ ಬರಹವನ್ನು ತಿದ್ದುವರು. ಸರಳವಾದ ವಿಷಯಗಳನ್ನು ಕುರಿತು ಆಳವಾಗಿ ಆಲೋಚಿಸುವುದೇ ಇಲ್ಲಿಯ ಮೂಲಮಂತ್ರ.

ಎರಡನೆಯ ಮಾದರಿಯು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಜೂಲಿಯನ್ ಸ್ಟ್ಯಾನ್ಲಿಯದು. ಆತನು ೧೯೭೧ರಿಂದ ನಡೆಯಿಸಿದ ಪರಿಶೋಧನೆಯಲ್ಲಿ, ಕಾಲೇಜು ಪ್ರವೇಶಕ್ಕೆಂದು ಏರ್ಪಟ್ಟ ಪರೀಕ್ಷೆಯನ್ನು ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಕೊಟ್ಟು, ವಯಸ್ಸಿಗೆ ಮೀರಿದ ಸಾಮರ್ಥ್ಯವುಳ್ಳವರನ್ನು ಗುರುತಿಸಿದನು. ೧೯೮೦ರಿಂದ ಅಂಥವರಿಗೋಸ್ಕರ ಮೂರು ಮೂರು ವಾರಗಳ ವಸತಿ ಶಿಬಿರಗಳು ನಡೆಯಲಾರಂಭಿಸಿದವು. ರಾಸ್‌ನ ಲಕ್ಷ್ಯವು ಮುಖ್ಯವಾಗಿ ಕಲಿಸುವ ಕ್ರಮದ ಮೇಲೆ. ಸ್ಟ್ಯಾನ್ಲಿಯ ಲಕ್ಷ್ಯವು ಮೊದಲು ಆರಿಸುವ ಕ್ರಮದ ಮೇಲೆ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರಕ್ಕೆಲ್ಲ ಇದೇ ಆಧಾರ.

ಈ ಶಿಬಿರಗಳಲ್ಲಿ ವಸತಿಯು ಕೇವಲ ಅನುಕೂಲತೆಗಾಗಿ ಇರುವುದಲ್ಲ. ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ಒಂದು ಪಾಠವು ಮುಗಿದು ಇನ್ನೊಂದು ತೊಡಗುವುದು. ಕಠಿನವಾದ ಪ್ರಶ್ನೆಯು ಮನಸ್ಸಿನಲ್ಲಿ ಬೇರೂರುವುದಕ್ಕೆ ಅವಕಾಶವಿಲ್ಲ. ಶಿಬಿರದಲ್ಲಾದರೋ ಬೆಳಿಗ್ಗೆ ಕೇಳಿದ ಪ್ರಶ್ನೆಯು ಊಟದ ಪಂಕ್ತಿಗೂ ಬರುತ್ತದೆ, ಸಂಜೆಯ ತಿರುಗಾಟಕ್ಕೂ ಬರುತ್ತದೆ. ತನ್ನ ಊರಿನ ಶಾಲೆಯಲ್ಲಿ ಒಂಟಿಯಾಗಿ ಯೋಚಿಸುತ್ತಿದ್ದ ಮಗುವಿಗೆ ತನ್ನಂತೆಯೇ ಯೋಚಿಸುವ ಜೊತೆಗಾರರು ದೊರೆಯುತ್ತಾರೆ. ತನಗಿಂತ ಚುರುಕಾದವರನ್ನು ಕಂಡು ಅಹಂಕಾರವೂ ಇಳಿಯುತ್ತದೆ.

೩

ನಮ್ಮ ದೇಶದಲ್ಲಿ ಈ ವಿಧವಾದ ಪ್ರಯತ್ನಕ್ಕೆ ೧೯೬೩ರಲ್ಲಿ ಆರಂಭವಾದ ರಾಷ್ಟ್ರೀಯ ವಿಜ್ಞಾನ ಪ್ರತಿಭಾನ್ವೇಷಣೆಯು ಒಂದು ಮೊದಲ ಮೆಟ್ಟಿಲೆನ್ನಬಹುದು. ಅದರಲ್ಲಿ ತೇರ್ಗಡೆಯಾದವರಿಗೆ ವಿದ್ಯಾರ್ಥಿವೇತನವಲ್ಲದೆ ಬೇಸಗೆಯ ಶಾಲೆಗಳೂ ಏರ್ಪಟ್ಟಿದ್ದವು. ಬೆಂಗಳೂರಿನ ಜಕ್ಕೂರಿನಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರವು ಕಾಲೇಜು ವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ಕರೆಸಿಕೊಂಡು ಪ್ರಯೋಗಶಾಲೆಯ ಕೆಲಸದಲ್ಲಿ ಪಳಗಿಸುವ ಪದ್ಧತಿಯನ್ನು ಬೆಳೆಯಿಸಿತು. ಭಾರತ ಸರ್ಕಾರದ ‘ಇನ್‌ಸ್ಪೈರ್’ ಯೋಜನೆಯು ೨೦೦೮ರಲ್ಲಿ ಆರಂಭವಾಗಿ, ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದು ವಿಜ್ಞಾನವನ್ನು ಆರಿಸಿಕೊಂಡ ಹನ್ನೊಂದನೆಯ ತರಗತಿಯವರಿಗೆ ಐದೈದು ದಿನಗಳ ಶಿಬಿರಗಳನ್ನು ಏರ್ಪಡಿಸಿತು.

ಇವೆಲ್ಲಕ್ಕಿಂತ ಹೆಚ್ಚು ಹೆಸರಾದುದು ೧೯೯೯ರಲ್ಲಿ ಆರಂಭವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ. ಇದರ ನಿರ್ವಹಣೆಯು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದಾಗಿತ್ತು. ಆಯ್ಕೆಯಾದವರಿಗೆ ವೇತನವೂ ವಿಜ್ಞಾನಿಗಳೊಡನೆ ಕೂಡಿ ಕಲಿಯುವ ಶಿಬಿರಗಳೂ ದೊರೆಯುತ್ತಿದ್ದವು. ೨೦೨೨ರಲ್ಲಿ ಇದನ್ನು ‘ಇನ್‌ಸ್ಪೈರ್’ನೊಳಗೆ ಸೇರಿಸಲಾಯಿತು. ಆದರೆ ಇದರ ಆಯ್ಕೆಯ ಪರೀಕ್ಷೆಯು ಇಂಗ್ಲಿಷ್ ಮತ್ತು ಹಿಂದಿ ಭಾಷೆಗಳಲ್ಲಿ ಮಾತ್ರ ನಡೆಯುತ್ತಿತ್ತು. ಹೊಸದುರ್ಗದ ಒಂದು ಹಳ್ಳಿಯಲ್ಲಿ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲಿಯೇ ವಿಜ್ಞಾನವನ್ನು ಓದಿದ ಹುಡುಗಿಯು ಹನ್ನೊಂದನೆಯ ತರಗತಿಯಲ್ಲಿ ಈ ಪರೀಕ್ಷೆಗೆ ಕುಳಿತಳೆಂದು ಭಾವಿಸೋಣ. ಅವಳು ಮೊದಲು ಪ್ರಶ್ನೆಯ ಭಾಷೆಯನ್ನು ಗೆಲ್ಲಬೇಕು, ಅನಂತರ ಪ್ರಶ್ನೆಯನ್ನು. ಇದರಿಂದ ಅಳತೆಗೆ ಸಿಕ್ಕುವುದು ಬುದ್ಧಿಯೊಂದೇ ಅಲ್ಲ. ಮನೆತನ, ಪಟ್ಟಣ, ತರಬೇತಿ ಇವುಗಳೂ ಅದರೊಡನೆ ತೂಗಲ್ಪಡುತ್ತವೆ.

ಇದಕ್ಕೆ ಪ್ರತಿಯಾದ ನಿದರ್ಶನವು ಈ ಸೀಮೆಯಲ್ಲಿಯೇ ಇದೆ. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಗೆ ಅನುಸಾರವಾಗಿ ಜಿಲ್ಲೆಗೊಂದರಂತೆ ವಿಸ್ತರಿಸಿದ ನವೋದಯ ವಿದ್ಯಾಲಯಗಳಲ್ಲಿ ಚಿತ್ರದುರ್ಗ ಜಿಲ್ಲೆಯದು ಹಿರಿಯೂರು ತಾಲ್ಲೂಕಿನ ಉಡುವಳ್ಳಿಯಲ್ಲಿದೆ. ಇದು ಬೇಸಗೆಯ ಶಿಬಿರವಲ್ಲ, ವರ್ಷಪೂರ್ತಿ ನಡೆಯುವ ವಸತಿ ಶಾಲೆ. ಆದರೂ ಆಯ್ಕೆಯ ವಿಷಯದಲ್ಲಿ ಇದರಿಂದ ಕಲಿಯತಕ್ಕುದುಂಟು. ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ನೂರಕ್ಕೆ ಎಪ್ಪತ್ತೈದು ಸ್ಥಾನಗಳಾದರೂ ಗ್ರಾಮಾಂತರದ ಮಕ್ಕಳಿಗೆ ಮೀಸಲು. ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಪ್ರತಿಭೆಯನ್ನು ಹುಡುಕುವವನು ಅದು ಇರುವಲ್ಲಿಗೆ, ಅದು ಆಡುವ ಮಾತಿನಲ್ಲಿ ಹೋಗಬೇಕೆಂಬ ತತ್ತ್ವವು ಇಲ್ಲಿ ಒಪ್ಪಿಕೊಳ್ಳಲ್ಪಟ್ಟಿದೆ.

೪

ಈ ಜಿಲ್ಲೆಗೆ ಇನ್ನೊಂದು ವಿಶೇಷವಾದ ಅವಕಾಶವೂ ಒದಗಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ ರಾಜ್ಯ ಸರ್ಕಾರವು ಸುಮಾರು ೧,೫೦೦ ಎಕರೆ ಭೂಮಿಯನ್ನು ಕೊಟ್ಟಿತು. ಅಲ್ಲಿಯ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರನ್ನು ಇರಿಸಿಕೊಂಡು, ಅವರ ಕೈಯಿಂದಲೇ ಪ್ರಯೋಗಗಳನ್ನು ಮಾಡಿಸುವ ಶಿಬಿರಗಳು ನಡೆದಿವೆ. ಶಿಷ್ಯನಿಗೆ ಮೊದಲು ಗುರುವನ್ನು ಸಿದ್ಧಪಡಿಸುವ ಈ ಮಾರ್ಗವು ವಿವೇಕಯುತವಾದುದು. ಒಬ್ಬ ಶಿಕ್ಷಕನ ಕಣ್ಣು ತೆರೆದರೆ ಅವನ ಮುಂದೆ ಕೂರುವ ಎಷ್ಟೋ ತಂಡದ ಮಕ್ಕಳಿಗೆ ಅದರ ಫಲವು ಸಲ್ಲುವುದು. ಮಗುವಿನಲ್ಲಿ ಪ್ರತಿಭೆಯಿರುವುದನ್ನು ಎಲ್ಲರಿಗಿಂತ ಮುಂಚೆ ಕಾಣುವವನೂ ಆ ಶಿಕ್ಷಕನೇ.

ಆದರೆ ಈ ಭೂಮಿಯು ಅಮೃತಮಹಲ್ ಕಾವಲಿಗೆ ಸೇರಿದುದೆಂಬುದನ್ನು ಮರೆಯಲಾಗದು. ಅರಸರ ಕಾಲದಿಂದ ದನಕರುಗಳ ಮೇವಿಗೆ ಮೀಸಲಾಗಿದ್ದ ಈ ಹುಲ್ಲುಗಾವಲನ್ನು ಹಲವು ಸಂಸ್ಥೆಗಳಿಗೆ ಹಂಚಿದಾಗ, ಕುರಿ ದನಗಳನ್ನು ಮೇಯಿಸಿ ಬಾಳುತ್ತಿದ್ದ ಗ್ರಾಮಸ್ಥರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ವಿದ್ಯೆಯ ಹೆಸರಿನಲ್ಲಿ ಒಂದು ಸೀಮೆಯ ಹುಲ್ಲನ್ನು ಪಡೆದ ಮೇಲೆ, ಆ ಸೀಮೆಯ ಮಕ್ಕಳಿಗೆ ವಿದ್ಯೆಯನ್ನು ಕೊಡುವುದು ಉಪಕಾರವಲ್ಲ, ಋಣ.

೫

ಇಲ್ಲಿ ಒಂದು ಬೇಸಗೆಯ ಶಿಬಿರವನ್ನು ನಡೆಯಿಸುವುದಾದರೆ ಪಾಠದ ಸಾಮಗ್ರಿಗೆ ಕೊರತೆಯಿಲ್ಲ. ಚಿತ್ರದುರ್ಗಕ್ಕೆ ಆಗ್ನೇಯದಲ್ಲಿ ಮರಡಿಹಳ್ಳಿಯ ಬಳಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಶಿಲೆಗಳಿವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾರಸವು ಥಟ್ಟನೆ ತಣಿದು ಹೆಪ್ಪುಗಟ್ಟಿದಾಗ ಈ ಆಕಾರವು ಬರುತ್ತದೆ. ಇವು ೨೫೦ ಕೋಟಿ ವರ್ಷಗಳಷ್ಟು ಹಿಂದಿನವು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿವೆ. ಮಳೆಗೆ ಹಂಬಲಿಸುವ ಈ ನೆಲವು ಒಂದು ಕಾಲಕ್ಕೆ ನೀರಿನ ಕೆಳಗಿತ್ತೆಂಬುದನ್ನು ಆ ಕಲ್ಲನ್ನು ಮುಟ್ಟಿ ತಿಳಿದುಕೊಂಡ ಮಗುವು ಅದನ್ನು ಎಂದಿಗೂ ಮರೆಯದು.

ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸವು ೧೮೯೮ರಲ್ಲಿ ತೊಡಗಿ ೧೯೦೭ರಲ್ಲಿ ಮುಗಿಯಿತು. ಅದು ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ಕೋಡಿಬಿದ್ದುದು ೨೦೨೨ರಲ್ಲಿ. ಒಂದು ಜಲಾಶಯವು ತುಂಬುವುದಕ್ಕೆ ೮೯ ವರ್ಷಗಳೇಕೆ ಬೇಕಾದವು? ಮಳೆಯ ಪ್ರಮಾಣ, ಹೊಸದುರ್ಗದ ಕಡೆಯಿಂದ ಹರಿದುಬರುವ ನೀರು, ದಾರಿಯಲ್ಲಿ ಅದನ್ನು ತಡೆಯುವ ಕೆರೆಕಟ್ಟೆಗಳು, ಬಿಸಿಲಿಗೆ ಆರಿಹೋಗುವ ಪಾಲು ಇವನ್ನೆಲ್ಲ ಲೆಕ್ಕಹಾಕಿ ಉತ್ತರವನ್ನು ಹುಡುಕಲು ಮೂರು ವಾರಗಳೂ ಸಾಲವು. ಚಿತ್ರದುರ್ಗ ಹೊಳಲ್ಕೆರೆಗಳ ನಡುವಣ ಗುಡ್ಡಗಳ ಕಬ್ಬಿಣದ ಅದಿರು ರಸಾಯನಶಾಸ್ತ್ರಕ್ಕೆ ವಸ್ತುವಾಗುವುದು. ಚಂದ್ರವಳ್ಳಿಯಲ್ಲಿ ೧೯೨೯ರಲ್ಲಿ ಎಂ. ಎಚ್. ಕೃಷ್ಣರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಯಿಸಿದ ಉತ್ಖನನಗಳು ಚರಿತ್ರೆಯ ವಿದ್ಯಾರ್ಥಿಗೆ ಮಣ್ಣಿನ ಪದರಗಳನ್ನು ಓದುವ ಕ್ರಮವನ್ನು ತೋರಿಸುವುವು.

ಆದಕಾರಣ ಸ್ಟ್ಯಾನ್ಲಿಯ ಮಾರ್ಗವನ್ನು ಮಾತ್ರ ಅನುಸರಿಸಿ ಒಂದು ಪರೀಕ್ಷೆಯ ಅಂಕಗಳಿಂದ ಮಕ್ಕಳನ್ನು ಸೋಸಿ ತೆಗೆದರೆ ಸಾಲದು. ರಾಸ್‌ನಂತೆ ಪ್ರಶ್ನೆಯ ಮುಂದೆ ಅವರನ್ನು ಕೂರಿಸಿ ನೋಡಬೇಕು. ಶಿಬಿರದಲ್ಲಿ ಪಳಗಿದ ಶಿಕ್ಷಕರೇ ತಮ್ಮ ಶಾಲೆಯಲ್ಲಿ ಮರುಪ್ರಶ್ನೆ ಕೇಳುವ ಮಕ್ಕಳನ್ನು ಹೆಸರಿಸಲಿ. ಆಯ್ಕೆಯೂ ಮೊದಲ ವಾರದ ಪಾಠವೂ ಕನ್ನಡದಲ್ಲಿ ನಡೆಯಲಿ. ಇಂಗ್ಲಿಷನ್ನು ಅನಂತರ ಮೆಟ್ಟಿಲು ಮೆಟ್ಟಿಲಾಗಿ ಕಲಿಯಬಹುದು. ವೆಚ್ಚವು ತಂದೆತಾಯಿಗಳ ಮೇಲೆ ಬೀಳದಿರಲಿ. ಇಷ್ಟು ಆದಲ್ಲಿ, ಬೇಸಗೆಯಲ್ಲಿ ಹೊಲದ ಕೆಲಸಕ್ಕೋ ಕುರಿ ಕಾಯುವುದಕ್ಕೋ ಹೋಗುವ ಮಕ್ಕಳಲ್ಲಿ ಕೆಲವರಾದರೂ ತಮ್ಮ ಕಾಲಡಿಯ ಕಲ್ಲನ್ನೇ ಪ್ರಶ್ನಿಸುವ ವಿದ್ವಾಂಸರಾಗಬಲ್ಲರು.