ನಾಚಿಕೆ: ಕಾಯುವುದೂ ಅದೇ, ಕುಗ್ಗಿಸುವುದೂ ಅದೇ

ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗುವೊಂದು ಊರಿನಿಂದ ಬಂದ ಬಂಧುಗಳ ಮುಂದೆ ಕನ್ನಡದಲ್ಲಿ ನಾಲ್ಕು ಮಾತನಾಡುತ್ತದೆ. ಲಿಂಗ, ವಚನ ತಪ್ಪುತ್ತದೆ. ನಾವೆಲ್ಲ ನಗುತ್ತೇವೆ. ಆ ನಗೆಯಲ್ಲಿ ತಿರಸ್ಕಾರವೇನೂ ಇರುವುದಿಲ್ಲ. ಆದರೂ ಮಗುವಿನ ಮುಖ ಕೆಂಪೇರುತ್ತದೆ, ದೃಷ್ಟಿ ನೆಲಕ್ಕಿಳಿಯುತ್ತದೆ. ಮುಂದಿನ ಸಲ ಅದು ಹಿಂದಿಯಲ್ಲಿಯೇ ಉತ್ತರಿಸುತ್ತದೆ. ಮನೆಯಿಂದ ಭಾಷೆಯೊಂದು ಹೊರನಡೆಯಲು ಕೆಲವೊಮ್ಮೆ ಇಷ್ಟೇ ಸಾಕು.

ಮುಖ ಕೆಂಪೇರುವುದನ್ನು ಕುರಿತು ಚಾರ್ಲ್ಸ್ ಡಾರ್ವಿನ್ 1872ರಲ್ಲಿಯೇ ಬರೆದಿದ್ದನು. ಇತರರು ನಮ್ಮ ಬಗ್ಗೆ ಏನೆಂದುಕೊಳ್ಳುವರೋ ಎಂಬ ಯೋಚನೆಯೇ ಅದಕ್ಕೆ ಕಾರಣವೆಂಬುದು ಅವನ ಅಭಿಪ್ರಾಯ. ಮನೋವಿಜ್ಞಾನಿ ಹೆಲೆನ್ ಬ್ಲಾಕ್ ಲೂಯಿಸ್ 1971ರ ತಮ್ಮ ಗ್ರಂಥದಲ್ಲಿ ನಾಚಿಕೆಯನ್ನೂ ಅಪರಾಧಪ್ರಜ್ಞೆಯನ್ನೂ ಬೇರ್ಪಡಿಸಿ ತೋರಿಸಿದರು. ‘ನಾನು ಮಾಡಿದ್ದು ತಪ್ಪು’ ಎನ್ನುವುದು ಅಪರಾಧಪ್ರಜ್ಞೆ. ‘ನಾನೇ ಸರಿಯಿಲ್ಲ’ ಎನ್ನುವುದು ನಾಚಿಕೆ. ಮೊದಲನೆಯದು ತಪ್ಪನ್ನು ತಿದ್ದಿಕೊಳ್ಳಲು ಪ್ರೇರೇಪಿಸುತ್ತದೆ. ಎರಡನೆಯದು ಅವಿತುಕೊಳ್ಳುವಂತೆ ಮಾಡುತ್ತದೆ.

ಹಾಗೆಂದು ನಾಚಿಕೆಯೇ ಬೇಡವೆನ್ನಲಾಗದು. ಲಂಚಕ್ಕೆ ಚಾಚಿದ ಕೈಯನ್ನು ಹಿಂದೆಗೆಯುವಂತೆ ಮಾಡುವುದೂ ಅದೇ. ತಪ್ಪು ಮಾಡದವರ ಮೇಲೆ ಸಮಾಜ ಅದನ್ನು ಹೇರಿದಾಗ ಮಾತ್ರ ಅದು ವಿಷವಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುಪನ್ನೇ ತೊರೆದು, ಹೆಣ್ಣಿನ ದೇಹಕ್ಕೆ ಅಂಟಿಸಿದ್ದ ಲಜ್ಜೆಯನ್ನು ಪ್ರಶ್ನಿಸಿದಳು. ನಮ್ಮ ಕಾಲದಲ್ಲಿ ಅರವಿಂದ ಮಾಲಗತ್ತಿಯವರು ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಜಾತಿಯ ಕಾರಣದಿಂದ ತಾವುಂಡ ಅವಮಾನಗಳನ್ನು ಮುಚ್ಚಿಡದೆ ಹೇಳಿದರು. ಹಾಗೆ ಹೇಳಿದಾಗ ನಾಚಿಕೆ ಪಡಬೇಕಾದವರು ಯಾರೆಂಬುದು ಓದುಗರಿಗೆ ತಿಳಿಯಿತು.

ರಾಜಧಾನಿಯ ನಮ್ಮ ಕುಟುಂಬಗಳಲ್ಲಿ ಉದ್ಯೋಗ ಹೋದದ್ದು, ಮಗ ಪರೀಕ್ಷೆಯಲ್ಲಿ ಸೋತದ್ದು, ಮಗಳ ದಾಂಪತ್ಯ ಮುರಿದದ್ದು, ಮನೆಯವರೊಬ್ಬರಿಗೆ ಖಿನ್ನತೆ ಬಂದದ್ದು ‘ನಾಲ್ಕು ಜನ ಏನೆಂದಾರು’ ಎಂಬ ಭಯದಿಂದ ಮುಚ್ಚಿಹೋಗುತ್ತವೆ. ಮುಚ್ಚಿಟ್ಟ ಕಷ್ಟಕ್ಕೆ ನೆರವು ದೊರೆಯುವುದಿಲ್ಲ. ಒಂಟಿತನದಲ್ಲಿ ಅದು ಬೆಳೆಯುತ್ತದೆ. ಪರಿಚಿತರೆದುರು ಬಾಯಿಬಿಡಲಾರದವರು 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೂ ಮಾತನಾಡುವ ವ್ಯವಸ್ಥೆ ಅಲ್ಲಿದೆ.

ಆ ‘ನಾಲ್ಕು ಜನ’ ಬೇರಾರೂ ಅಲ್ಲ, ನಾವೇ. ಸೋತು ಬಂದವರನ್ನು ‘ಹೀಗೇಕಾಯಿತು?’ ಎಂದು ವಿಚಾರಿಸುವುದಕ್ಕೆ ಮೊದಲು ‘ಊಟವಾಯಿತೇ?’ ಎಂದು ಕೇಳೋಣ. ಮಗುವಿನ ತಪ್ಪು ಕನ್ನಡಕ್ಕೆ ನಗದೆ, ಸರಿಯಾದ ಕನ್ನಡದಲ್ಲಿ ಉತ್ತರಿಸೋಣ. ತಪ್ಪು ತಾನಾಗಿಯೇ ತಿದ್ದಿಕೊಳ್ಳುತ್ತದೆ, ಮಾತೂ ಉಳಿಯುತ್ತದೆ.