ಲಕ್ಷದ್ವೀಪದ ಕಡಲಾಳವನ್ನು ನೋಡಲು ತಕ್ಕ ಕಾಲ

ನಮ್ಮ ಕಾಸರಗೋಡಿನ ಕರೆಯಿಂದ ಪಡುವಣಕ್ಕೆ, ಅರಬೀ ಸಮುದ್ರದಲ್ಲಿ ಹರಡಿಕೊಂಡಿರುವ ಲಕ್ಷದ್ವೀಪಗಳು ನಮಗೆ ತೀರ ಹೊರಗಿನವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಬಡಗಣ ದ್ವೀಪಗಳು ೧೯೫೬ರ ವರೆಗೆ, ಕಾಸರಗೋಡು ತಾಲೂಕಿನಂತೆಯೇ, ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿದ್ದವು. ಆ ವರ್ಷದ ನವೆಂಬರ್ ೧ರಂದು ನಾವು ಕೇರಳಕ್ಕೆ ಸೇರಿದೆವು, ಅವು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪವೆಂಬ ಈಗಿನ ಹೆಸರು ಅಧಿಕೃತವಾದುದು ೧೯೭೩ರಲ್ಲಿ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಅಲ್ಲಿನ ಹವಳದ ದಂಡೆಗಳನ್ನು ನೀರೊಳಗಿಳಿದು ನೋಡುವುದು ಈಗ ಒಂದು ಹೆಸರಾಂತ ವಿಹಾರವಾಗಿದೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯಬೇಕೆಂಬ ಆಸೆಯುಳ್ಳ ತಂದೆತಾಯಿಗಳು ಸಾಮಾನ್ಯವಾಗಿ ಹಣದ ಲೆಕ್ಕದಿಂದ ಪ್ರಾರಂಭಿಸುತ್ತಾರೆ. ಅದಕ್ಕಿಂತ ಮೊದಲು ಕಾಲದ ಲೆಕ್ಕ ಸರಿಹೋಗಬೇಕು.

ಮುಳುಗುವವನಿಗೆ ಮಳೆಯೇ ವೈರಿಯೆಂದು ಅನೇಕರು ಭಾವಿಸುವುದುಂಟು. ಹತ್ತು ಮೀಟರು ಕೆಳಗಿಳಿದವನಿಗೆ ಮೇಲೆ ಮಳೆ ಹೊಯ್ಯುತ್ತಿರುವುದು ಬೆಳಕು ತುಸು ಮಂಕಾಯಿತೆಂಬುದರ ಹೊರತು ತಿಳಿಯುವುದೇ ಇಲ್ಲ. ತೊಡಕೆಲ್ಲ ಗಾಳಿಯಿಂದ. ಗಾಳಿ ತೆರೆಯನ್ನೆಬ್ಬಿಸುತ್ತದೆ, ತೆರೆ ತಳದ ಮರಳನ್ನು ಕದಡಿ ನೀರನ್ನು ಮಬ್ಬು ಮಾಡುತ್ತದೆ, ದೋಣಿಯಿಂದ ಇಳಿಯುವುದು, ಮರಳಿ ಹತ್ತುವುದು ಅಪಾಯವಾಗುತ್ತದೆ. ಲಕ್ಷದ್ವೀಪದಲ್ಲಿ ನದಿಗಳಿಲ್ಲ. ಆದುದರಿಂದ ಚಂದ್ರಗಿರಿ ಹೊಳೆ ಮಳೆಗಾಲದಲ್ಲಿ ಹೊತ್ತು ತರುವಂತಹ ಕೆನ್ನೀರು ಅಲ್ಲಿಲ್ಲ. ಶಾಂತವಾದ ದಿನಗಳಲ್ಲಿ ನೀರೊಳಗೆ ಇಪ್ಪತ್ತು ಮೀಟರಿಗೂ ಮಿಕ್ಕಿ ದೃಷ್ಟಿ ಹರಿಯುವುದುಂಟು. ಹೆಚ್ಚಿನ ದ್ವೀಪಗಳು ಉಂಗುರದಂತಿರುವ ಹವಳದಂಡೆಯ ಮೂಡಣ ಅಂಚಿನಲ್ಲಿವೆ; ಪಡುವಣಕ್ಕೆ ಲಗೂನ್ ಎಂಬ ಆಳವಿಲ್ಲದ ನೀಲಿ ಸರಸ್ಸು. ನೈಋತ್ಯ ಮಾರುತ ಬೀಸತೊಡಗಿದರೆ ಹೊರಗಡಲ ತೆರೆಗಳು ಆ ಪಡುವಣ ದಂಡೆಗೇ ಅಪ್ಪಳಿಸುತ್ತವೆ. ಹಡಗುಗಳು ಎಷ್ಟೋ ಕಡೆ ದಂಡೆಯ ಹೊರಗೆ ಲಂಗರು ಹಾಕಿ ಜನರನ್ನು ಸಣ್ಣ ದೋಣಿಗಳಿಗೆ ಇಳಿಸತಕ್ಕವು. ಆಗ ಮುಳುಗುವ ಮಾತಿರಲಿ, ದ್ವೀಪವನ್ನು ಮುಟ್ಟುವುದೇ ದುಸ್ತರ.

ಹಾಗಾದರೆ ಒಳ್ಳೆಯ ಕಾಲ ಯಾವುದು? ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದ ವರೆಗೆ ಎಂದು ಹೇಳುವುದು ವಾಡಿಕೆ. ವಿಚಾರ ಮಾಡಿದರೆ ಇದು ನಮ್ಮ ಹಿರಿಯರು ಬೇರೆ ಕಾರಣಕ್ಕೆ ಇಟ್ಟುಕೊಂಡ ಗಡುವೂ ಹೌದು. ತುಲಾ ಮಾಸದ ಹತ್ತರ ಪತ್ತಾಮುದಯದಂದು, ಎಂದರೆ ಅಕ್ಟೋಬರ್ ಕೊನೆಯಲ್ಲಿ, ತೆಯ್ಯಂಗಳ ಕಾಲ ತೊಡಗುತ್ತದೆ. ಮೇ ೨೪ರ ಸುಮಾರಿಗೆ ಬರುವ ಪತ್ತನಾಜೆಯಂದು ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಟಕ್ಕೆ ಬಯಲು ಒಣಗಿರಬೇಕು, ಮುಳುಗಲು ಕಡಲು ತಣಿದಿರಬೇಕು. ಎರಡನ್ನೂ ಕೊಡುವುದು, ಕಿತ್ತುಕೊಳ್ಳುವುದು ಅದೇ ಮಾರುತ.

ಆದರೆ ಆ ಮಾರುತ ಪಂಚಾಂಗವನ್ನು ನೋಡಿ ಬರುವುದಿಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ಸಾಮಾನ್ಯ ದಿನ ಜೂನ್ ೧. ೨೦೨೩ರಲ್ಲಿ ಅದು ಬಂದುದು ಜೂನ್ ೮ಕ್ಕೆ, ೨೦೨೪ರಲ್ಲಿ ಮೇ ೩೦ಕ್ಕೆ, ೨೦೨೫ರಲ್ಲಿ ಮೇ ೨೪ಕ್ಕೆ. ಮೂರು ವರ್ಷಗಳಲ್ಲಿ ಹದಿನೈದು ದಿನಗಳ ಅಂತರ! ಮುಂಗಾರಿನ ಆಗಮನವನ್ನು ಘೋಷಿಸಲು ಹವಾಮಾನ ಇಲಾಖೆ ನೋಡುವ ಹದಿನಾಲ್ಕು ಮಳೆಮಾಪನ ಕೇಂದ್ರಗಳಲ್ಲಿ ದ್ವೀಪಗಳ ಮಿನಿಕಾಯ್ ಮತ್ತು ಅಮಿನಿಯೂ ಇವೆ, ನಮ್ಮ ಕೂಡ್ಲೂ ಇದೆ. ಮೇ ೧೦ರ ಬಳಿಕ ಇವುಗಳಲ್ಲಿ ನೂರಕ್ಕೆ ಅರುವತ್ತರಷ್ಟು ಕಡೆ ಎರಡು ದಿನ ಒಂದೇಸಮನೆ ೨.೫ ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚು ಮಳೆ ಬಿದ್ದು, ಗಾಳಿ ಮತ್ತು ಮೋಡಗಳ ಲಕ್ಷಣವೂ ಕೂಡಿಬಂದರೆ ಘೋಷಣೆ ಹೊರಡುತ್ತದೆ. ಕೂಡ್ಲಿನ ಮಕ್ಕಳು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಋತುವಿನ ಎರಡು ತುದಿಗಳಲ್ಲಿ ಇನ್ನೊಂದು ಭಯವಿದೆ. ನಡು ಮಳೆಗಾಲದಲ್ಲಿ ಮೇಲಿನ ಮತ್ತು ಕೆಳಗಿನ ಗಾಳಿಗಳು ಪ್ರಬಲವಾಗಿ ಬೇರೆ ಬೇರೆ ದಿಕ್ಕಿಗೆ ಬೀಸುವುದರಿಂದ ಚಂಡಮಾರುತದ ಸುಳಿ ನೆಟ್ಟಗೆ ಎದ್ದು ನಿಲ್ಲಲಾರದು. ಮುಂಗಾರಿನ ಮೊದಲೂ ಅನಂತರವೂ ಈ ಅಡ್ಡಿ ಸಡಿಲಿ, ಕಡಲೂ ಬೆಚ್ಚಗಿರುವುದರಿಂದ ಸುಳಿಗಳು ಹುಟ್ಟುತ್ತವೆ. ೨೦೧೭ರ ಡಿಸೆಂಬರ್ ಮೊದಲಲ್ಲಿ ಓಖಿ, ೨೦೧೯ರ ಅಕ್ಟೋಬರ್ ಕೊನೆಯಲ್ಲಿ ಮಹಾ, ೨೦೨೧ರ ಮೇ ನಡುವಿನಲ್ಲಿ ತೌಕ್ತೆ, ಇವು ಮೂರೂ ದ್ವೀಪಗಳನ್ನು ಬಾಧಿಸಿದವು. ತೌಕ್ತೆ ನಮ್ಮ ಜಿಲ್ಲೆಯ ಕಡಲ ಕರೆಯ ಮನೆಗಳನ್ನೂ ಕೆಡವಿತು.

ಇಲ್ಲಿ ಶಾಲೆಯ ರಜೆಗಳು ನಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತವೆ. ಓಣಂ ರಜೆ ಕಾಲಕ್ಕೆ ಹೊರಗು. ಬೇಸಗೆಯ ರಜೆ ದೀರ್ಘವಾದುದು; ಆದರೆ ಅದರ ಉತ್ತರಾರ್ಧ ಸಂಶಯದ ತುದಿಗೇ ಬೀಳುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಡಲ ನೀರು ಅತ್ಯಂತ ಬಿಸಿ. ಬಿಸಿ ಮಿತಿಮೀರಿದರೆ ಹವಳದ ಜೀವಿಗಳು ತಮಗೆ ಬಣ್ಣವನ್ನೂ ಆಹಾರವನ್ನೂ ಕೊಡುವ ಸೂಕ್ಷ್ಮ ಪಾಚಿಯನ್ನು ಹೊರದೂಡಿ ಬಿಳಿಚುತ್ತವೆ. ೧೯೯೮, ೨೦೧೦, ೨೦೧೬, ೨೦೨೪ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಅಷ್ಟು ದೂರ ಹೋಗಿ ಸುಣ್ಣದ ಬಯಲನ್ನು ನೋಡಿ ಬರುವ ಸಂಭವವೂ ಉಂಟು. ನನ್ನ ಅಭಿಪ್ರಾಯದಲ್ಲಿ ಹತ್ತೇ ದಿನಗಳ ಕ್ರಿಸ್ಮಸ್ ರಜೆ ಎರಡು ತಿಂಗಳ ಬೇಸಗೆ ರಜೆಗಿಂತ ಈ ಕೆಲಸಕ್ಕೆ ಮೇಲು. ಬೇಸಗೆಯೇ ಆಗಬೇಕೆಂದಿದ್ದರೆ ಏಪ್ರಿಲ್ ಮೊದಲ ವಾರವನ್ನು ಹಿಡಿಯತಕ್ಕದ್ದು.

ತಿಂಗಳನ್ನು ಆರಿಸಿದ ಮೇಲೂ ದಿನಗಳನ್ನು ಜೋಡಿಸುವ ಜಾಣ್ಮೆ ಬೇಕು. ಮೂರು ದಿನ ಮುಳುಗುವ ಆಸೆಯಿದ್ದರೆ ಏಳು ದಿನಗಳನ್ನಾದರೂ ಇಟ್ಟುಕೊಳ್ಳಬೇಕು. ಬಿಡುವಿನ ದಿನಗಳನ್ನು ಕೊನೆಗೆ ಕೂಡಿಸಿದರೆ ಸಾಲದು. ಯಾಕೆಂದರೆ ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳೇಳುವುದನ್ನು ನೀವು ಕಂಡಿದ್ದೀರಿ. ಮುಳುಗಿ ಬಂದವನು ಕೂಡಲೇ ವಿಮಾನವೇರಿದರೆ, ಅಲ್ಲಿನ ಕಡಿಮೆ ಒತ್ತಡದಲ್ಲಿ ಅವನ ದೇಹದೊಳಗೂ ಅಂತಹ ಗುಳ್ಳೆಗಳೆದ್ದು ಕೀಲುನೋವಿನಿಂದ ಹಿಡಿದು ಲಕವದ ವರೆಗೆ ಅಪಾಯವಾಗಬಹುದು. ಹಲವು ಸಲ ಮುಳುಗಿದವನು ಕನಿಷ್ಠ ೧೮ ಗಂಟೆ ಕಾಯಬೇಕೆಂಬುದು ನಿಯಮ. ಆದುದರಿಂದ ಅಗತ್ತಿಯಿಂದ ವಿಮಾನದಲ್ಲಿ ಮರಳುವವರಿಗೆ ಕೊನೆಯ ದಿನ ಮೊದಲೇ ಮುಚ್ಚಿಹೋಗಿರುತ್ತದೆ. ಕಾದಿಟ್ಟ ದಿನಗಳು ನಡುವೆಯೇ ಇರಬೇಕು. ಕೊಚ್ಚಿಯ ಹಡಗಿನಲ್ಲಿ ಮರಳುವವರಿಗೆ ಈ ಕಟ್ಟಿಲ್ಲ, ಆದರೆ ಹಡಗೇ ತಡವಾಗುವ ಭಯವಿದೆ. ಮರಳುವ ಮರುದಿನ ಪರೀಕ್ಷೆಯನ್ನೋ ಮದುವೆಯನ್ನೋ ಇಟ್ಟುಕೊಳ್ಳಬಾರದು.

ಹೊರಡುವ ವಾರದಲ್ಲಿ ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಪ್ರಕಟಿಸುವ ತೆರೆಯ ಎತ್ತರದ ಮುನ್ಸೂಚನೆಯನ್ನು ದಿನವೂ ನೋಡಬೇಕು. ಮೂರು ನಾಲ್ಕು ದಿನಗಳಿಗೆ ಅದು ನಂಬತಕ್ಕದ್ದು. ತಿಂಗಳ ಮೊದಲೇ ದಿನವನ್ನು ಹೆಸರಿಸಿ ಹವೆಯನ್ನು ಹೇಳುವವರನ್ನು ನಂಬತಕ್ಕದ್ದಲ್ಲ. ಆಕಾಶ ನಿರ್ಮಲವಾಗಿದೆಯೆಂದೂ ಮೋಸಹೋಗಬಾರದು. ದಕ್ಷಿಣದ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ತೆರೆ ಸಾವಿರಾರು ಮೈಲು ಸಾಗಿ, ಗಾಳಿಯೇ ಇಲ್ಲದ ದಿನ ನಮ್ಮ ಕರೆಗೆ ನುಗ್ಗುವುದನ್ನು ಮಲೆಯಾಳದಲ್ಲಿ ಕಳ್ಳಕ್ಕಡಲ್ ಎನ್ನುತ್ತಾರೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಅದು ಹೆಚ್ಚು.

ಮುಂಗಡ ಹಣ ಕೊಡುವ ಮೊದಲೇ ಒಂದು ಪ್ರಶ್ನೆಯನ್ನು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ: ಕಡಲು ಒಪ್ಪದೆ ಮುಳುಗುವುದು ನಿಂತರೆ ಹಣ ಮರಳುವುದೇ, ದಿನ ಬದಲಾಗುವುದೇ? ಹಣ ಹೋಗುವುದೆಂಬ ಚಿಂತೆಯಲ್ಲೇ ಜನ ತೆರೆಯೆದ್ದ ಕಡಲಿಗೂ ಇಳಿಯಲು ಒಪ್ಪುತ್ತಾರೆ. ಹತ್ತು ವರ್ಷ ತುಂಬದ ಮಕ್ಕಳನ್ನು ಸಾಮಾನ್ಯವಾಗಿ ಕಡಲಾಳಕ್ಕೆ ಇಳಿಸುವುದಿಲ್ಲ. ನೆಗಡಿಯಿಂದ ಕಿವಿ ಕಟ್ಟಿದವರು ಯಾವ ವಯಸ್ಸಿನವರಾದರೂ ಇಳಿಯಕೂಡದು. ಅಂತಹವರಿಗೂ, ಹೊರಗಡಲು ತುಸು ಕೆರಳಿದ ದಿನ ಎಲ್ಲರಿಗೂ, ಲಗೂನಿನ ಸೊಂಟದಾಳದ ನೀರಿನಲ್ಲಿ ಕನ್ನಡಕ ಹಾಕಿ ಮುಖ ಅದ್ದಿದರೆ ಸಾಕು, ಬಣ್ಣಬಣ್ಣದ ಮೀನುಗಳು ಕಾಲ ಬಳಿಗೇ ಬರುತ್ತವೆ.